ಬಿನ್ಸರ್ ಕಾಡಿನ ಹಳ್ಳಿ ಹೋಂಸ್ಟೇ ಮತ್ತು ಗೈಡ್ ನಡಿಗೆ: ಹಿಮದ ಬೆಟ್ಟಕ್ಕಿಂತ ಕಾಡಿಗಾಗಿ ಹೋಗಿ

ಉತ್ತರಾಖಂಡದ ಬಿನ್ಸರ್‌ಗೆ ಅಕ್ಟೋಬರ್, ನವೆಂಬರ್ ಹೊತ್ತಿಗೆ ಹೋಗುವ ಯೋಚನೆ ಇದ್ದರೆ ಒಂದು ಮಾತು. ಅಲ್ಮೋರಾದಲ್ಲಿ ಹೋಟೆಲ್ ಮಾಡಿ, ಬೆಳಿಗ್ಗೆ ಟ್ಯಾಕ್ಸಿಯಲ್ಲಿ ಬಂದು, ಹಿಮದ ಬೆಟ್ಟಗಳು ಕಾಣುವ ಜೀರೋ ಪಾಯಿಂಟ್‌ನಲ್ಲಿ ನಾಲ್ಕು ಫೋಟೋ ತೆಗೆದುಕೊಂಡು ಸಂಜೆಗೆ ಇಳಿದುಬಿಡಬೇಡಿ. ಅಭಯಾರಣ್ಯದ ಒಳಗಿರುವ ಹಳ್ಳಿ ಮನೆಗಳಲ್ಲಿ ಉಳಿಯಿರಿ. ಅದೇ ಊರಿನ ಗೈಡ್ ಒಬ್ಬರ ಜೊತೆ ಒಂದು ಹಳ್ಳಿಯಿಂದ ಇನ್ನೊಂದು ಹಳ್ಳಿಗೆ ನಡೆಯಿರಿ. ನಾನು ಮತ್ತು ನಮ್ಮವರು ಹೋಗಿದ್ದು ಹಾಗೇ. ಮಲೆನಾಡಿನಲ್ಲಿ ಬೆಳೆದ ನನಗೆ ಕಾಡು ಹೊಸದಲ್ಲ, ಆದರೂ ಈ ಕಾಡು ನೋಡಿ ಮನಸ್ಸು ತುಂಬಿ ಬಂತು. ಅದಕ್ಕೆ ಮುಖ್ಯ ಕಾರಣ ನಮ್ಮ ಗೈಡ್. ಹಾಗಾಗಿ ಈ ವಿಮರ್ಶೆಯಲ್ಲಿ ರೂಮಿಗಿಂತ, ಊಟಕ್ಕಿಂತ ನಡಿಗೆಯ ಬಗ್ಗೆಯೇ ಜಾಸ್ತಿ ಬರೆಯುತ್ತೇನೆ.

ಬಿನ್ಸರ್ ವನ್ಯಜೀವಿ ಅಭಯಾರಣ್ಯ ಅಂತ ಘೋಷಣೆ ಆಗಿದ್ದು 1988ರಲ್ಲಿ. ಹಳ್ಳಿಗಳು ಅದಕ್ಕಿಂತ ಎಷ್ಟೋ ಹಳೆಯವು. ದಲಾರ್, ರಿಸಾಲ್, ಗೋನಾಪ್, ಕಠಧಾರಾ, ಸತ್ರಿ, ಹೀಗೆ ಬೆಟ್ಟದ ಇಳಿಜಾರಿನಲ್ಲಿ ಅಲ್ಲೊಂದು ಇಲ್ಲೊಂದು. ಮನೆಗಳು ಕಡಿಮೆ, ಬೀಗ ಹಾಕಿರುವ ಮನೆಗಳೂ ಇವೆ. ಓದಿಗೆ, ಕೆಲಸಕ್ಕೆ ಅಂತ ಜನ ಹಲ್ದ್ವಾನಿಗೆ, ದೆಹಲಿಗೆ ಇಳಿದು ಹೋಗಿದ್ದಾರೆ. ಉಳಿದವರು ಮತ್ತು ವಾಪಸ್ ಬಂದವರು ಸೇರಿ ಪ್ರವಾಸಿಗರಿಗೆ ಮನೆ ತೆರೆದಿದ್ದಾರೆ. ಬಿನ್ಸರ್‌ನಲ್ಲಿ ಈ ರೀತಿಯ ಹಳ್ಳಿ ಪ್ರವಾಸ ಶುರುವಾಗಿ ಸುಮಾರು ಎರಡು ದಶಕ ಆಗಿದೆ, ಹಾಗಾಗಿ ವ್ಯವಸ್ಥೆ ಪಳಗಿದೆ. ಫೋನ್‌ನಲ್ಲಿ ಮಾತಾಡಿ ಬುಕ್ ಮಾಡಿದೆವು. ಅಯಾರ್‌ಪಾನಿ ಗೇಟಿನ ಹತ್ತಿರ ಗೈಡ್ ಬಂದು ನಿಂತಿದ್ದರು. ಅಲ್ಲಿಂದ ಮುಂದೆ ಏನು, ಎತ್ತ ಅನ್ನುವ ಚಿಂತೆ ನಮಗೆ ಇರಲೇ ಇಲ್ಲ. ದೊಡ್ಡ ಬ್ಯಾಗನ್ನು ಊರಿನವರೊಬ್ಬರು ಹೊತ್ತರು, ನಮ್ಮ ಹೆಗಲಿಗೆ ನೀರು, ಸ್ವೆಟರ್, ಮಧ್ಯಾಹ್ನದ ಬುತ್ತಿ ಅಷ್ಟೇ.

ಗೈಡ್ ನಮಗಿಂತ ದೊಡ್ಡವರು. ಈ ಭಾಗದ ಭಾಷೆ ಕುಮಾವೋನಿಯಲ್ಲಿ ಅಣ್ಣನಿಗೆ ದಾಜ್ಯೂ ಅನ್ನುತ್ತಾರೆ, ನಾವೂ ಹಾಗೇ ಕರೆದೆವು. ಅವರು ನನ್ನನ್ನು ದೀದಿ ಅಂದರು. ಮಾತು ಕಡಿಮೆ, ಆದರೆ ಕೇಳಿದ್ದಕ್ಕೆ ಅರ್ಧಂಬರ್ಧ ಉತ್ತರ ಕೊಡುವ ಜನ ಅಲ್ಲ. ದೆಹಲಿಯ ಹೋಟೆಲೊಂದರಲ್ಲಿ ವರ್ಷಗಟ್ಟಲೆ ದುಡಿದು ಊರಿಗೆ ಮರಳಿದವರು. ನಮ್ಮ ನಡಿಗೆಯ ವೇಗ ನೋಡಿ ಅವರೇ ಹೆಜ್ಜೆ ನಿಧಾನ ಮಾಡಿಕೊಂಡರು, ಒಮ್ಮೆಯೂ ಬೇಗ ಬನ್ನಿ ಅನ್ನಲಿಲ್ಲ. ಹತ್ತುವಾಗ ನಮ್ಮವರಿಗೆ ಏದುಸಿರು ಬಂದಾಗಲೆಲ್ಲ ಒಂದು ಮರವನ್ನೋ ಹಕ್ಕಿಯನ್ನೋ ತೋರಿಸುವ ನೆಪದಲ್ಲಿ ನಿಂತುಬಿಡುತ್ತಿದ್ದರು. ಈ ಸೂಕ್ಷ್ಮವನ್ನು ಯಾವ ತರಬೇತಿಯೂ ಕಲಿಸಲ್ಲ ಅಂತ ನನಗನಿಸುತ್ತದೆ.

ಈಗ ಕಾಡಿನ ವಿಷಯ. ಕೆಳಗಿನ ಇಳಿಜಾರುಗಳಲ್ಲಿ ಚೀಡ್, ಅಂದರೆ ಪೈನ್ ಮರ. ಮೇಲೇರಿದ ಹಾಗೆ ಬಾಂಜ್, ಅಂದರೆ ಓಕ್. ಓಕ್‌ನ ಜೊತೆಗೆ ಬುರಾಂಶ್, ಅಂದರೆ ರೋಡೋಡೆಂಡ್ರಾನ್. ಜೀರೋ ಪಾಯಿಂಟ್ ಇರುವುದು ಸುಮಾರು 2,400 ಮೀಟರ್ ಎತ್ತರದಲ್ಲಿ, ನಮ್ಮ ಮುಳ್ಳಯ್ಯನಗಿರಿಗಿಂತ 400 ಮೀಟರಿಗೂ ಮೇಲೆ. ಅಲ್ಲಿ ಓಕ್ ಕಾಡು ಎಷ್ಟು ದಟ್ಟ ಅಂದರೆ ಮಧ್ಯಾಹ್ನವೂ ದಾರಿ ಮೇಲೆ ಬಿಸಿಲು ಚುಕ್ಕಿ ಚುಕ್ಕಿಯಾಗಿ ಮಾತ್ರ ಬೀಳುತ್ತದೆ. ಈ ಎರಡು ಕಾಡುಗಳ ನಡುವಿನ ವ್ಯತ್ಯಾಸ ಕಣ್ಣಿಗಿಂತ ಮೊದಲು ಕಾಲಿಗೆ ಗೊತ್ತಾಗುತ್ತದೆ. ಪೈನ್ ಕಾಡಿನ ನೆಲದ ತುಂಬ ಒಣಗಿದ ಸೂಜಿ ಎಲೆ, ಅದಕ್ಕೆ ಅಲ್ಲಿನವರು ಪಿರೂಲ್ ಅನ್ನುತ್ತಾರೆ. ಒಂದನ್ನು ಎತ್ತಿ ನೋಡಿ, ಮೂರು ಉದ್ದನೆಯ ಸೂಜಿಗಳು ಬುಡದಲ್ಲಿ ಒಂದೇ ಕವಚದೊಳಗೆ ಜೋಡಿಸಿಕೊಂಡಿರುತ್ತವೆ, ಪ್ರತಿಯೊಂದೂ ಒಂದು ಗೇಣು, ಬಣ್ಣ ಇಟ್ಟಿಗೆ ಕೆಂಪು, ಮೈ ನುಣ್ಣಗೆ, ಬೆರಳಲ್ಲಿ ಉಜ್ಜಿದರೆ ಸಣ್ಣಗೆ ಅಂಟಿನ ವಾಸನೆ. ಇಂಥವು ಲಕ್ಷಗಟ್ಟಲೆ ಒಂದರ ಮೇಲೊಂದು ಬಿದ್ದು ಇಳಿಜಾರು ಪೂರ್ತಿ ಜಾರುಬಂಡಿ ಆಗಿರುತ್ತದೆ. ಇಳಿಯುವಾಗ ಹಿಮ್ಮಡಿ ಊರಿ, ಮಂಡಿ ಸ್ವಲ್ಪ ಬಗ್ಗಿಸಿ, ಓರೆಯಾಗಿ ಕಾಲಿಡಬೇಕು. ದಾಜ್ಯೂ ಮೊದಲು ಹತ್ತು ಹೆಜ್ಜೆ ತಾವು ಇಳಿದು ತೋರಿಸಿ, ಆಮೇಲೆ ಕೆಳಗೆ ನಿಂತು ಕೈ ಚಾಚಿ ನನ್ನನ್ನು ಇಳಿಸಿದರು.

ಓಕ್ ಕಾಡಿಗೆ ಕಾಲಿಟ್ಟ ತಕ್ಷಣ ನೆಲ ಮೆತ್ತಗಾಗುತ್ತದೆ. ಶಬ್ದವೂ ಬದಲಾಗುತ್ತದೆ. ಪೈನ್‌ನಲ್ಲಿ ಗಾಳಿ ಬೀಸಿದರೆ ದೂರದಲ್ಲಿ ಎಲ್ಲೋ ಹೊಳೆ ಹರಿಯುತ್ತಿದೆ ಅನ್ನಿಸುತ್ತದೆ, ಓಕ್ ಕೆಳಗೆ ಆ ಸದ್ದು ನಿಂತು ಹಕ್ಕಿಗಳ ಸದ್ದು ಶುರುವಾಗುತ್ತದೆ. ಕಾಂಡದ ಮೇಲೆಲ್ಲ ಹಾವಸೆ, ಕೊಂಬೆಗಳಿಂದ ಇಳಿಬಿದ್ದ ಬೂದು ಬಣ್ಣದ ಕಲ್ಲುಹೂವು, ಕವಲುಗಳಲ್ಲಿ ಜರೀಗಿಡ. ಎಲೆಯ ಮೇಲ್ಭಾಗ ಕಡು ಹಸಿರು, ತಿರುಗಿಸಿದರೆ ಬೆಳ್ಳಗೆ, ಸಣ್ಣ ರೋಮ. ಗಾಳಿಗೆ ಎಲೆಗಳು ಮಗುಚಿದಾಗ ಇಡೀ ಮರ ಒಮ್ಮೆ ಬೆಳ್ಳಗೆ ಮಿಂಚಿ ಮತ್ತೆ ಹಸಿರಾಗುವುದನ್ನು ನಿಂತು ನೋಡುತ್ತಲೇ ಇದ್ದೆ.

ದಾಜ್ಯೂ ಅಲ್ಲಿ ಒಂದು ಕೆಲಸ ಮಾಡಿದರು. ಓಕ್ ಬುಡದ ತರಗೆಲೆ ಸರಿಸಿ ಒಂದು ಹಿಡಿ ಮಣ್ಣು ತೆಗೆದು ನನ್ನ ಅಂಗೈಗೆ ಹಾಕಿದರು. ಕಪ್ಪು ಮಣ್ಣು, ತಣ್ಣಗಿತ್ತು, ಮುಷ್ಟಿ ಬಿಗಿಹಿಡಿದರೆ ಉಂಡೆ ಆಯಿತು. ಮಳೆಗಾಲ ಮುಗಿದು ಎಷ್ಟೋ ದಿನ ಆಗಿತ್ತು, ಆದರೂ ಒದ್ದೆ. ಕೆಳಗಿನ ಪೈನ್ ತೋಪಿನಲ್ಲೂ ಹಾಗೇ ಮಾಡಿ ತೋರಿಸಿದ್ದರು, ಅಲ್ಲಿನ ಮಣ್ಣು ಬೆರಳ ಸಂದಿಯಿಂದ ಸುಮ್ನೆ ಸೋರಿ ಹೋಗಿತ್ತು. ಆಮೇಲೆ ಸ್ವಲ್ಪ ಕೆಳಗೆ ಕರೆದುಕೊಂಡು ಹೋಗಿ ಊರಿನ ನೌಲಾ ತೋರಿಸಿದರು. ನೌಲಾ ಅಂದರೆ ಕುಮಾವೋನಿನವರು ಒರತೆಗೆ ಕಟ್ಟುವ ಕಲ್ಲಿನ ಪುಟ್ಟ ಮನೆ. ಮೇಲೆ ಕಲ್ಲು ಚಪ್ಪಡಿಯ ಮಾಡು, ಒಳಗೆ ಮೆಟ್ಟಿಲು ಮೆಟ್ಟಿಲಾಗಿ ಕೆಳಗೆ ಕಿರಿದಾಗುವ ತೊಟ್ಟಿ. ಚಪ್ಪಲಿ ಹಾಕಿಕೊಂಡು ಹತ್ತಿರ ಹೋಗುವ ಹಾಗಿಲ್ಲ, ಅದು ಅವರಿಗೆ ದೇವರಿರುವ ಜಾಗ. "ಮೇಲೆ ಬಾಂಜ್ ಇದೆ, ಅದಕ್ಕೇ ಇಲ್ಲಿ ನೀರಿದೆ ದೀದಿ" ಅಂದರು. ಆ ನೀರು ಕುಡಿದೆ, ಹಲ್ಲು ಜುಂ ಅನ್ನುವಷ್ಟು ತಂಪು.

ಈ ಒಂದು ಗಂಟೆಗೇ ನಾನು ಕೊಟ್ಟ ದುಡ್ಡು ಸಂದಾಯ ಆಯಿತು. ಯಾಕೆ ಅಂದರೆ ಪೈನ್ ಮತ್ತು ಓಕ್‌ನ ಕತೆ ಈ ಬೆಟ್ಟದ ಜನರ ಬದುಕಿನ ಕತೆ. ಚೀಡ್ ಹೊರಗಿನ ಮರ ಅಲ್ಲ, ಹಿಮಾಲಯದ್ದೇ. ಆದರೆ ಬ್ರಿಟಿಷರ ಕಾಲದ ಅರಣ್ಯ ಇಲಾಖೆಗೆ ರೈಲು ಹಳಿಯ ಕೆಳಗೆ ಹಾಕುವ ಸ್ಲೀಪರ್‌ಗೆ ಮರ ಬೇಕಿತ್ತು, ರಾಳ ಬೇಕಿತ್ತು, ಎರಡೂ ಚೀಡ್‌ನಿಂದ ಸಿಗುತ್ತಿತ್ತು. ಹಾಗಾಗಿ ಅದನ್ನು ಬೆಳೆಸಿದರು, ಹರಡಲು ಬಿಟ್ಟರು. ಹಳ್ಳಿಯವರಿಗೆ ಬೇಕಾಗಿದ್ದು ಓಕ್: ದನಕ್ಕೆ ಸೊಪ್ಪು, ಕೊಟ್ಟಿಗೆಗೆ ಹಾಸು, ಗದ್ದೆಗೆ ಗೊಬ್ಬರ, ಒಲೆಗೆ ಸೌದೆ, ಒರತೆಗೆ ನೀರು ಎಲ್ಲವೂ ಅದರಿಂದ. 1921ರಲ್ಲಿ ಕುಮಾವೋನಿನ ಜನ ಅರಣ್ಯ ನಿರ್ಬಂಧಗಳ ವಿರುದ್ಧ ದೊಡ್ಡ ಪ್ರತಿಭಟನೆ ಮಾಡಿ ಸರ್ಕಾರಿ ಪೈನ್ ಕಾಡುಗಳಿಗೆ ಬೆಂಕಿ ಇಟ್ಟಿದ್ದರು. ಅದರ ಬಿಸಿ ತಟ್ಟಿದ ಮೇಲೆ 1931ರಲ್ಲಿ ಹಳ್ಳಿಗಳೇ ಕಾಡು ನೋಡಿಕೊಳ್ಳುವ ವನ ಪಂಚಾಯತಿಗೆ ನಿಯಮ ಬಂತು. ಅಲ್ಮೋರಾ ರಸ್ತೆಯ ಪಕ್ಕದ ಚೀಡ್ ಮರಗಳನ್ನು ಗಮನಿಸಿ, ಬುಡದಲ್ಲಿ ರಾಳಕ್ಕಾಗಿ ಕೆತ್ತಿದ ಹಳೆಯ ಗಾಯಗಳು ಈಗಲೂ ಕಾಣುತ್ತವೆ.

ಸಾಗರ, ಶಿರಸಿ ಕಡೆಯವರಿಗೆ ಇದು ನಮ್ಮದೇ ಕತೆ ಅನ್ನಿಸದೇ ಇರದು. ಸಹಜ ಕಾಡು ಹೋಗಿ ತೇಗ, ಅಕೇಶಿಯಾ ಬಂದಿದ್ದನ್ನು ನಾವೂ ಕಂಡವರೇ ಅಲ್ವಾ. 1983ರಲ್ಲಿ ಶಿರಸಿ ಹತ್ತಿರದ ಸಲ್ಕಣಿಯಲ್ಲಿ ಶುರುವಾದ ಅಪ್ಪಿಕೋ ಚಳವಳಿಗೆ ಪ್ರೇರಣೆಯೂ ಇದೇ ಉತ್ತರಾಖಂಡದ ಗಢ್ವಾಲ್ ಬೆಟ್ಟಗಳಲ್ಲಿ ನಡೆದ ಚಿಪ್ಕೋ. ನಾನು ಅದನ್ನು ಹೇಳಿದಾಗ ದಾಜ್ಯೂ ನಿಂತು ನಮ್ಮ ಕಡೆಯ ಮರಗಳ ಹೆಸರು ಒಂದೊಂದಾಗಿ ಕೇಳಿದರು. ಹೊನ್ನೆ, ಮತ್ತಿ, ನಂದಿ, ನೇರಳೆ ಅಂತ ಹೇಳುತ್ತಾ ಹೋದೆ.

ಪಿರೂಲ್‌ನ ಇನ್ನೊಂದು ಮುಖ ಬೇಸಿಗೆಯಲ್ಲಿ. ಚೀಡ್ ಸೂಜಿ ಜಾಸ್ತಿ ಉದುರುವುದು ಬೇಸಿಗೆಯಲ್ಲಿ, ಒಂದು ಕಿಡಿ ಸಾಕು. ಚೀಡ್‌ನ ತೊಗಟೆ ದಪ್ಪ, ಬೆಳೆದ ಮರ ಬೆಂಕಿ ತಡೆದುಕೊಂಡು ಮತ್ತೆ ಚಿಗುರುತ್ತದೆ. ಓಕ್ ಸಸಿ ತಡೆಯಲ್ಲ. ಹೀಗೆ ಪ್ರತಿ ಬೆಂಕಿಗೂ ಪೈನ್ ಒಂದಿಷ್ಟು ಮೇಲೇರುತ್ತದೆ. 2024ರ ಜೂನ್‌ನಲ್ಲಿ ಇದೇ ಬಿನ್ಸರ್‌ನಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ಸಿಬ್ಬಂದಿ ಪ್ರಾಣ ಕಳೆದುಕೊಂಡರು. ಆ ಮಾತು ಬಂದಾಗ ದಾಜ್ಯೂ ಮುಂದೆ ಹೇಳಲಿಲ್ಲ, ನಾವೂ ಕೇಳಲಿಲ್ಲ. ದಯವಿಟ್ಟು ಅಲ್ಲಿ ಬೀಡಿ, ಸಿಗರೇಟು, ಕ್ಯಾಂಪ್‌ಫೈರ್ ಆಸೆ ಬಿಟ್ಟೇ ಹೋಗಿ.

ಹೋಗುವ ಮೊದಲು ನಿರೀಕ್ಷೆ ಸರಿ ಮಾಡಿಕೊಳ್ಳುವುದು ಒಳ್ಳೆಯದು. ವಿದೇಶದ ಫೋಟೋಗಳಲ್ಲಿ ಬರುವ ಹಾಗೆ ಓಕ್ ಎಲೆ ಕೆಂಪಗೆ, ಹಳದಿಯಾಗಿ ಉದುರುವ ಶರತ್ಕಾಲ ಇಲ್ಲಿಲ್ಲ. ಬಾಂಜ್ ವರ್ಷಪೂರ್ತಿ ಹಸಿರು, ಹಳೆ ಎಲೆ ಉದುರುವುದು ವಸಂತದಲ್ಲಿ ಹೊಸ ಚಿಗುರು ಬರುವ ಹೊತ್ತಿಗೆ. ಬುರಾಂಶ್‌ನ ಕೆಂಪು ಹೂವೂ ಆ ಹೊತ್ತಿಗೆ ಇರಲ್ಲ, ಅದು ಫೆಬ್ರವರಿ, ಮಾರ್ಚ್‌ನದು. ಇಲ್ಲಿನ ಶರತ್ಕಾಲದ ಬಣ್ಣ ಇರುವುದು ಹೊಲದಲ್ಲಿ, ಹುಲ್ಲಿನಲ್ಲಿ, ಮನೆಯ ಮಾಡಿನ ಮೇಲೆ. ಇಳಿಜಾರಿನ ಹುಲ್ಲೆಲ್ಲ ಹೊಂಬಣ್ಣ. ಹೆಂಗಸರು ಬೆಳಿಗ್ಗೆಯಿಂದ ಅದನ್ನು ಕೊಯ್ದು, ಚಳಿಗಾಲಕ್ಕೆ ಅಂತ ಮರದ ಕಾಂಡಕ್ಕೆ ಸುತ್ತಿ ಬಣವೆ ಒಟ್ಟುತ್ತಾರೆ. ಕಲ್ಲು ಚಪ್ಪಡಿಯ ಮಾಡಿನ ಮೇಲೆ ಮೆಕ್ಕೆಜೋಳ, ಕುಂಬಳ, ಕೆಂಪು ಮೆಣಸು ಒಣಗುತ್ತಿರುತ್ತವೆ. ಇನ್ನು ಪದಮ್ ಅನ್ನುವ ಕಾಡು ಚೆರ್ರಿ ಮರ. ಉಳಿದ ಮರಗಳೆಲ್ಲ ಚಳಿಗೆ ಸಿದ್ಧವಾಗುವ ಹೊತ್ತಿನಲ್ಲಿ ಇದು ಮೈತುಂಬ ತಿಳಿ ಗುಲಾಬಿ ಹೂ ಬಿಡುತ್ತದೆ. ಊರ ಅಂಚಿನಲ್ಲಿ ಇಂಥದ್ದೊಂದು ಅರಳಿ ನಿಂತಿತ್ತು, ಅದರ ಕೆಳಗೆ ನಿಂತರೆ ಜೇನುಹುಳಗಳ ಝೇಂಕಾರ ಬಿಟ್ಟು ಬೇರೆ ಏನೂ ಕೇಳಿಸುತ್ತಿರಲಿಲ್ಲ. ಹೂವಿನ ಆಸೆ ಇದ್ದವರು ನವೆಂಬರ್‌ನಲ್ಲೇ ಹೋಗಿ.

ಹಿಮದ ಬೆಟ್ಟಗಳು? ಕಂಡವು, ಚೆನ್ನಾಗಿಯೇ ಕಂಡವು. ಚೌಖಂಬಾ, ತ್ರಿಶೂಲ್, 7,816 ಮೀಟರಿನ ನಂದಾದೇವಿ, ಬಲಕ್ಕೆ ದೂರದಲ್ಲಿ ಪಂಚಚೂಲಿ. ಮಳೆ ತೊಳೆದ ಆಕಾಶ, ಧೂಳಿಲ್ಲ, ಮಂಜಿಲ್ಲ. ಬೆಳಿಗ್ಗೆ ಬೇಗ ಎದ್ದರೆ ಸಾಕು, ಹತ್ತು ಗಂಟೆ ದಾಟಿದ ಮೇಲೆ ಕೆಲವು ದಿನ ಮೋಡ ಏಳುತ್ತದೆ. ಇದರ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ, ನಾನು ಇಷ್ಟಕ್ಕೇ ಬಿಡುತ್ತೇನೆ.

ಊಟದ ವಿಷಯಕ್ಕೆ ಬಂದರೆ ಕನ್ನಡದವರಿಗೆ ಇಲ್ಲಿ ಪರಕೀಯ ಅನ್ನಿಸಲ್ಲ. ಮಂಡುವಾ ರೊಟ್ಟಿ ಕೊಡುತ್ತಾರೆ, ಅದು ರಾಗಿನೇ, ಅಕ್ಟೋಬರ್‌ನಲ್ಲಿ ಅಲ್ಲಿ ಅದರ ಕೊಯ್ಲು. ಒಲೆಯ ಕೆಂಡಕ್ಕೆ ಆನಿಸಿ ಉಬ್ಬಿಸಿ, ಮೇಲೆ ತುಪ್ಪ. ಗಹತ್ ದಾಲ್ ಅಂತ ಬಡಿಸಿದರು, ಒಂದು ತುತ್ತಿಗೇ ಗೊತ್ತಾಯಿತು, ಹುರುಳಿ. ನಮ್ಮವರು ಕಟ್ಟಿನ ಸಾರು ಉಣ್ಣುವ ಹಾಗೆ ಬಟ್ಟಲಿಗೆ ಹಾಕಿಸಿಕೊಂಡು ಕುಡಿದರು. ಸೌತೆಕಾಯಿ ರಾಯತಕ್ಕೆ ಹಸಿ ಸಾಸಿವೆ ಅರೆದು ಹಾಕಿರುತ್ತಾರೆ, ನಮ್ಮ ಸಾಸ್ಮೆಯ ಕಾರ ಮೂಗಿಗೆ ಏರುವುದಿದೆಯಲ್ಲ, ಅದೇ ಏರಿತು, ತೆಂಗಿನಕಾಯಿ ಮಾತ್ರ ಇಲ್ಲ. ಭಟ್ ಅನ್ನುವ ಕಪ್ಪು ಸೋಯಾ ಕಾಳಿನ ಚುಡ್ಕಾಣಿ ಅನ್ನಕ್ಕೆ ಬಹಳ ಚೆನ್ನ. ಭಂಗ್ ಬೀಜದ ಚಟ್ನಿ ಕೊಟ್ಟರೆ ಹೆದರಬೇಡಿ, ಬೀಜಕ್ಕೆ ಅಮಲಿಲ್ಲ, ಹುರಿದ ಎಳ್ಳಿಗೆ ಹತ್ತಿರದ ರುಚಿ. ಮನೆಯ ಆಮಾ, ಅಂದರೆ ಅಜ್ಜಿ, ಒಲೆ ಹಚ್ಚುವುದನ್ನು ನೋಡುತ್ತಾ ಕೂತಿದ್ದೆ. ರಾಳ ತುಂಬಿದ ಚೀಡ್‌ನ ಒಂದು ಸಣ್ಣ ಸಿಬಿರು ತೆಗೆದು ಬೆಂಕಿಕಡ್ಡಿ ತಾಗಿಸಿದರು, ಎಣ್ಣೆ ಸುರಿದ ಹಾಗೆ ಭಗ್ಗನೆ ಹತ್ತಿಕೊಂಡಿತು. ಅದರ ಮೇಲೆ ಓಕ್ ಸೌದೆ ಇಟ್ಟರು, ರಾತ್ರಿ ಊಟ ಮುಗಿಯುವ ತನಕ ಅದರ ಕೆಂಡ ಆರಲಿಲ್ಲ. ಎರಡೂ ಮರಕ್ಕೆ ಆ ಮನೆಯಲ್ಲಿ ಕೆಲಸ ಇದೆ.

ರೂಮು ಚಿಕ್ಕದು, ಚೊಕ್ಕಟ. ಮಣ್ಣು ಮೆತ್ತಿದ ಕಲ್ಲಿನ ಗೋಡೆ, ಕೆತ್ತನೆಯ ಬಾಗಿಲು, ಬಾಗಿಲು ಗಿಡ್ಡ, ತಲೆ ತಗ್ಗಿಸಿ ಹೋಗಬೇಕು. ಎರಡೆರಡು ರಜಾಯಿ, ಮಲಗುವ ಮುಂಚೆ ಬಿಸಿನೀರಿನ ರಬ್ಬರ್ ಚೀಲ ತಂದು ಹಾಸಿಗೆಯಲ್ಲಿ ಇಟ್ಟು ಹೋಗುತ್ತಿದ್ದರು. ನವೆಂಬರ್ ರಾತ್ರಿ ಚಳಿ ಜೋರು, ಆ ಚೀಲ ಇಲ್ಲದೆ ನಿದ್ದೆ ಕಷ್ಟ. ಸ್ನಾನಕ್ಕೆ ಒಂದು ಬಕೆಟ್ ಬಿಸಿನೀರು, ಕೇಳಿದರೆ ಇನ್ನೊಂದು, ಆದರೆ ಆ ನೀರು ಹೊತ್ತು ತಂದಿದ್ದು ಅಂತ ಗೊತ್ತಾದ ಮೇಲೆ ನಾವು ಕೇಳಲಿಲ್ಲ. ಕರೆಂಟ್ ಇದೆ, ಆಗಾಗ ಹೋಗುತ್ತದೆ. ನೆಟ್‌ವರ್ಕ್ ಅಂಗಳದ ಒಂದು ಮೂಲೆಯಲ್ಲಿ ಮಾತ್ರ. ಆಫೀಸಿನ ಕೆಲಸ ಹೊತ್ತುಕೊಂಡು ಬರುವವರಿಗೆ ಈ ಜಾಗ ಆಗಿಬರಲ್ಲ.

ದೂರುಗಳೂ ಇವೆ. ಒಂದು, ಕಾಠ್‌ಗೋದಾಮ್ ಸ್ಟೇಷನ್‌ನಿಂದ ಬೇರೆ ಕಡೆ ಬುಕ್ ಮಾಡಿದ್ದ ಟ್ಯಾಕ್ಸಿಯವರು ಮಾತಾಡಿದ್ದಕ್ಕಿಂತ ಜಾಸ್ತಿ ಕೇಳಿದರು, ಕೊಡದಿದ್ದರೆ ಅಲ್ಮೋರಾದಲ್ಲೇ ಇಳಿಸುತ್ತೇವೆ ಅಂದರು. ಹೋಂಸ್ಟೇಗೂ ಅದಕ್ಕೂ ಸಂಬಂಧ ಇಲ್ಲ, ಆದರೂ ಗಾಡಿಯ ವ್ಯವಸ್ಥೆಯನ್ನೂ ಊರಿನವರಿಗೇ ಬಿಡುವುದು ವಾಸಿ. ಎರಡು, ಹಳ್ಳಿಗಳ ನಡುವಿನ ದಾರಿಯಲ್ಲಿ ಎಲ್ಲಿ ಏರು ಜಾಸ್ತಿ, ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಬುಕಿಂಗ್ ಮಾಡುವಾಗಲೇ ಹೇಳಬೇಕಿತ್ತು. ಸುಲಭದ ನಡಿಗೆ ಅಂದಿದ್ದರು. ಬೆಟ್ಟದಲ್ಲೇ ಹುಟ್ಟಿದವರಿಗೆ ಸುಲಭ, ಮಂಡಿ ನೋವಿರುವ ಬೆಂಗಳೂರಿನವರಿಗೆ ಅಲ್ಲ. ಮೂರು, ಜೀರೋ ಪಾಯಿಂಟ್ ಹತ್ತಿರ ಬ್ಲೂಟೂತ್ ಸ್ಪೀಕರ್ ಹಾಕಿಕೊಂಡು ಬಂದ ಗುಂಪು, ಚಿಪ್ಸ್ ಪೊಟ್ಟಣ. ದಾಜ್ಯೂ ಬಾಯಿ ತೆರೆಯದೆ ಪೊಟ್ಟಣಗಳನ್ನೆಲ್ಲ ಹೆಕ್ಕಿ ತಮ್ಮ ಚೀಲಕ್ಕೆ ಹಾಕಿಕೊಂಡರು. ನನಗೆ ನಿಜವಾಗಿ ಸಿಟ್ಟು ಬಂತು. ಅಭಯಾರಣ್ಯದ ಒಳಗೆ ಸ್ಪೀಕರ್‌ಗೆ ಜಾಗವೇ ಇರಬಾರದು.

ಗೈಡ್ ಇಲ್ಲದೆ ಹೋಗಬಹುದಾ ಅಂತ ತುಂಬ ಜನ ಕೇಳುತ್ತಾರೆ. ಜೀರೋ ಪಾಯಿಂಟ್‌ಗೆ ಹೋಗುವ ದಾರಿ ಸ್ಪಷ್ಟ ಇದೆ, ಅದಕ್ಕೆ ಬೇಕಿಲ್ಲ. ಹಳ್ಳಿ ದಾರಿಗಳು ಹಾಗಲ್ಲ. ದನ ಓಡಾಡುವ ದಾರಿ, ಸೊಪ್ಪಿಗೆ ಹೋಗುವ ದಾರಿ, ಊರಿಗೆ ಹೋಗುವ ದಾರಿ ಎಲ್ಲ ಒಂದೇ ರೀತಿ ಕವಲೊಡೆಯುತ್ತವೆ, ಪಿರೂಲ್ ಬಿದ್ದ ಕಡೆ ದಾರಿಯೇ ಕಾಣಲ್ಲ. ಚಿರತೆ ಇರುವ ಕಾಡು. ನವೆಂಬರ್‌ನಲ್ಲಿ ಐದೂವರೆಗೆಲ್ಲ ಕತ್ತಲು ಇಳಿಯುತ್ತದೆ, ಊರಿನವರೇ ಆ ಹೊತ್ತಿಗೆ ಮನೆ ಸೇರುತ್ತಾರೆ. ನಮಗೆ ಕಂಡಿದ್ದು ಕಾಕಡ್ (ನಮ್ಮ ಕಾಡುಕುರಿ), ಲಂಗೂರ್‌ಗಳ ಹಿಂಡು, ದಾರಿ ದಾಟಿದ ಕಾಲಿಜ್ ಕೋಳಿ, ಉದ್ದ ಬಾಲದ ನೀಲಿ ಮ್ಯಾಗ್‌ಪೈಗಳು. ಚಿರತೆಯ ಹೆಜ್ಜೆ ಗುರುತು ನೌಲಾದ ಹತ್ತಿರದ ಕೆಸರಿನಲ್ಲಿ ಇತ್ತು, ನಾವಾಗಿದ್ದರೆ ನಾಯಿಯದು ಅಂದುಕೊಂಡು ದಾಟಿ ಹೋಗುತ್ತಿದ್ದೆವು. ದಾಜ್ಯೂ ಕೂತು, ಉಗುರಿನ ಗುರುತು ಇಲ್ಲದ್ದನ್ನು ಬೆರಳಿಟ್ಟು ತೋರಿಸಿದರು.

ಖರ್ಚು: ಊಟ, ವಸತಿ, ಗೈಡ್ ಎಲ್ಲ ಸೇರಿ ಒಬ್ಬರಿಗೆ ದಿನಕ್ಕೆ ಮೂರು ಸಾವಿರದ ಆಸುಪಾಸು ಬಿತ್ತು, ಬ್ಯಾಗ್ ಹೊತ್ತವರಿಗೆ ಬೇರೆ ಕೊಟ್ಟೆವು. ಅರಣ್ಯ ಇಲಾಖೆಯ ಪ್ರವೇಶ ಶುಲ್ಕ ಗೇಟಿನಲ್ಲಿ ಪ್ರತ್ಯೇಕ. ಅಗ್ಗ ಅಂತ ಹೇಳಲ್ಲ. ಆದರೆ ದುಡ್ಡು ಆ ಊರಿನ ನಾಲ್ಕಾರು ಮನೆಗೆ ಹಂಚಿ ಹೋಗುತ್ತದೆ: ಅಡುಗೆಯವರು, ಬ್ಯಾಗ್ ಹೊತ್ತವರು, ಹಾಲು ಕೊಟ್ಟವರು. ಚೌಕಾಸಿ ಮಾಡಬೇಡಿ.

ಬೆಂಗಳೂರಿನಿಂದ ದೆಹಲಿಗೆ ವಿಮಾನ, ದೆಹಲಿಯಿಂದ ಕಾಠ್‌ಗೋದಾಮ್‌ಗೆ ರೈಲು. ರಾತ್ರಿ ರಾಣಿಖೇತ್ ಎಕ್ಸ್‌ಪ್ರೆಸ್ ಹಿಡಿದರೆ ಬೆಳಗಾಗುವಷ್ಟರಲ್ಲಿ ತಲುಪುತ್ತೀರಿ. ಮುಂದೆ ಅಲ್ಮೋರಾ ಮೂಲಕ ಬೆಟ್ಟದ ರಸ್ತೆ. ದಾರಿಯಲ್ಲಿ ಕೈಂಚಿ ಧಾಮ ಅನ್ನುವ ಆಶ್ರಮದ ಹತ್ತಿರ ಟ್ರಾಫಿಕ್ ಕಟ್ಟಿಕೊಳ್ಳುತ್ತದೆ, ಶನಿವಾರ ಭಾನುವಾರ ತಪ್ಪಿಸಿ. ಸಂಜೆಗೆ ಮುಂಚೆ ಗೇಟ್ ತಲುಪುವ ಹಾಗೆ ಹೊರಡಿ. ಅಲ್ಮೋರಾದಲ್ಲಿ ಬಾಲ್ ಮಿಠಾಯಿ ತೆಗೆದುಕೊಳ್ಳುವುದಿದ್ದರೆ ವಾಪಸ್ ಬರುವಾಗ ತೆಗೆದುಕೊಳ್ಳಿ.

ಶೂ ಬಗ್ಗೆ ಒಂದು ಮಾತು. ಜಿಮ್ ಶೂ, ನುಣುಪು ಅಡಿಯ ಸ್ನೀಕರ್ ಪಿರೂಲ್ ಮೇಲೆ ನಿಲ್ಲಲ್ಲ. ಆಳ ಹಲ್ಲಿನ ಅಡಿ ಇರುವ ಟ್ರೆಕ್ಕಿಂಗ್ ಶೂ ಬೇಕು, ಕೈಯಲ್ಲಿ ಒಂದು ಕೋಲು. ಕೋಲು ಊರಿನಲ್ಲೇ ಕೊಡುತ್ತಾರೆ. ಟಾರ್ಚ್, ಉಣ್ಣೆ ಟೋಪಿ, ನಗದು ಮರೆಯಬೇಡಿ. ಎಪ್ಪತ್ತು ದಾಟಿದ ಅಪ್ಪ ಅಮ್ಮನ ಜೊತೆ ಹೋಗುವವರು ರಸ್ತೆಗೆ ಹತ್ತಿರದ ಹಳ್ಳಿ ಕೇಳಿ, ಒಂದೇ ಮನೆಯಲ್ಲಿ ಉಳಿದು ಓಕ್ ಕಾಡಿನ ಸಮತಟ್ಟು ದಾರಿಯಲ್ಲಿ ಮಾತ್ರ ನಡೆಸಿ. ಬುಕ್ ಮಾಡುವಾಗ ಗೈಡ್ ಅದೇ ಊರಿನವರೇ ಅಂತ ಖಚಿತ ಮಾಡಿಕೊಳ್ಳಿ, ಮತ್ತು ನೌಲಾಗೆ ಕರೆದುಕೊಂಡು ಹೋಗಲು ನೀವಾಗಿಯೇ ಕೇಳಿ. ಕೇಳದಿದ್ದರೆ ಕೆಲವರು ನೇರವಾಗಿ ಜೀರೋ ಪಾಯಿಂಟ್‌ಗೇ ಕರೆದೊಯ್ಯುತ್ತಾರೆ.